ಟಪಾಲಿನವನ ಸೈಕಲ್

ಡೊಂಬಿವಲಿ ಪೂರ್ವ
೧೯ ಜನವರಿ ೨೦೨೫, ಭಾನುವಾರ

ಪ್ರಿಯ ಸಿದ್ರಾಮನಿಗೆ,

ಇಪ್ಪತ್ತೆರಡು ವರ್ಷ ನಮ್ಮ ಸಂಘದ ನಾಟಕಗಳಲ್ಲಿ ಪರದೆಯ ಮರೆಯಲ್ಲಿ ನಿಂತು ನನಗೆ ಮಾತು ಹೇಳಿಕೊಟ್ಟ ಮಹಾಶಯನೇ, ದೇವದಾಸನ ನಮಸ್ಕಾರ. ಕಾಮೋಠೆಯ ಮನೆ ಒಗ್ಗಿತೇ? ನಿಕಿತಾ, ಅಳಿಯ, ಮೊಮ್ಮಗಳು ಸೌಖ್ಯವೇ? ಹೊಸ ವರ್ಷಕ್ಕೆ ನೀನು ಕಳಿಸಿದ ಗುಲಾಬಿ ಹೂವಿನ ಮೆಸೇಜಿಗೆ ಉತ್ತರಿಸಲಿಲ್ಲ, ಆಮೇಲೆ ಮೂರು ಸಲ ಫೋನು ಬಂದರೂ ಎತ್ತಲಿಲ್ಲ. ಕ್ಷಮಿಸು. ಫೋನಿನಲ್ಲಿ ನಾನು ಉಸಿರೆಳೆಯಲು ನಿಂತರೂ ನೀನು ಮುಂದಿನ ಮಾತು ಹೇಳಿಬಿಡುತ್ತೀ. ಕಾಗದದಲ್ಲಾದರೆ ಪೂರ್ತಿ ನಾನೇ ಮಾತಾಡಬಹುದು.

ಸೈಕಲ್ ಏನಾಯಿತು ಎಂದು ನಮ್ಮ ಮನೆಯಾಕೆ ಸುಂದರಿಯ ಹತ್ತಿರ ವಿಚಾರಿಸಿದೆಯಂತೆ. ಕೇಳು ಹಾಗಾದರೆ! ಏಳಲಿ ಪರದೆ!

ನವೆಂಬರ್ ತಿಂಗಳು. ಸಂಘದ ಹಾಲ್. ಈ ವರ್ಷದ ನಾಟಕ ಒಬ್ಬ ಟಪಾಲಿನವನದು. ಅವನ ಪ್ರವೇಶವೇ ಸೈಕಲ್ ಮೇಲೆ. ಎಡಗಡೆಯಿಂದ ಬಂದು, ರಂಗದ ಉದ್ದಕ್ಕೂ ತುಳಿದು, ಇಳಿದು, ಚೀಲ ಕೆಳಗಿಟ್ಟು ಹನ್ನೆರಡು ನಿಮಿಷದ ಮಾತು, ಒಬ್ಬನೇ! ಓದಿ ಮುಗಿಸುವ ಮೊದಲೇ ಎದ್ದು ನಿಂತು ಗರ್ಜಿಸಿದೆ: "ಈ ಪಾತ್ರ ನನ್ನದು!" ಚಹಾ ತರುತ್ತಿದ್ದವನ ಕೈಯಿಂದ ಎರಡು ಗ್ಲಾಸು ಬಿದ್ದವು. ನನಗೀಗ ಅರವತ್ತೇಳು, ಸಿದ್ರಾಮ. ಇನ್ನೊಂದು ಪಾತ್ರ ಯಾರೂ ಕೊಡುವುದಿಲ್ಲವೆಂದು ನನಗೂ ಗೊತ್ತು.

ಕಾರ್ಯದರ್ಶಿ ಕಶ್ಯಪ ಅಂದು "ನೋಡೋಣ" ಎಂದು ಪುಸ್ತಕ ಮುಚ್ಚಿದ. ಎರಡು ದಿನ ಬಿಟ್ಟು ಮನೆಗೆ ಬಂದ. "ದೇವದಾಸಣ್ಣ, ಸ್ಟೇಜ್ ಮೇಲೆ ಸೈಕಲ್ ಹೊಡೀಬೇಕು. ಬಿದ್ರೆ ಜಿಮ್ಮೇದಾರಿ ಯಾರ್ದು? ಒಂದು ಕೆಲ್ಸ ಮಾಡಿ. ಸೈಕಲ್ ನೀವೇ ರೆಡಿ ಮಾಡಿ. ಗಿಯರ್ ಇರಬಾರದು, ಹಳೇ ಕಾಲದ್ದು ಅನ್ನಿಸ್ಬೇಕು, ಆವಾಜ್ ಬರಬಾರದು. ಓಡಿಸಿ ತೋರ್ಸಿ, ಪಾತ್ರ ನಿಮ್ದೇ." ಸಂಘದ ಕೊಡುಗೆ ಐನೂರು ರೂಪಾಯಿ ಮಾತ್ರ. ಅದೇ ಸಂಜೆ ನಿನ್ನ ಫೋನು: "ದೇವೂ, ನಮ್ಮ ನಿಕಿತಾನ ಸೈಕಲ್ ಪಾರ್ಕಿಂಗ್‌ನ್ಯಾಗ ಬಿದ್ದೈತಿ, ತಗೋ." ಕರ್ಣನ ದಾನವೂ ಇಷ್ಟು ಸಮಯಕ್ಕೆ ಸರಿಯಾಗಿ ಬಂದಿರಲಿಲ್ಲ ಎಂದು ಸುಂದರಿಗೆ ಹೇಳಿದ್ದೆ.

ಆ ಸೈಕಲ್! ಹಿಂದೆ ಏಳು ಹಲ್ಲುಚಕ್ರ, ಮುಂದೆ ಮೂರು, ರಾವಣನಿಗಿದ್ದಷ್ಟೇ ತಲೆ. ತುಳಿದರೆ ಕಟಕಟ ಕಟಕಟ. ದಿನಾ ಬೆಳಿಗ್ಗೆ ತಿಂಡಿ ತಿಂದವನೇ ಪಾರ್ಕಿಂಗ್‌ನಲ್ಲಿ ಹಳೇ ಪೇಪರ್ ಹಾಸಿ ಕೂತೆ. ಗಿಯರಿನ ವಯರುಗಳನ್ನು ಕರುಳು ಬಗೆದಂತೆ ಬಗೆದೆ. ಮುಂದಿನ ಮೂರರಲ್ಲಿ ನಡುವಿನದೊಂದನ್ನು ಉಳಿಸಿ ಉಳಿದವನ್ನು ಕಳಚಿದೆ. ಹಿಂದಿನ ಏಳರ ಗೊಂಚಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸ್ಟೇಷನ್ ರಸ್ತೆಯ ಸೈಕಲ್ ರಿಪೇರಿಯ ಚಾಚಾನ ಹತ್ತಿರ ಒಯ್ದರೆ, ಅವನು ನನ್ನನ್ನೂ ಸೈಕಲನ್ನೂ ಒಂದೇ ಕಣ್ಣಲ್ಲಿ ನೋಡಿ, "ಅಂಕಲ್, ಲೋಗ್ ಗಿಯರ್ ಲಗವಾನೇ ಆತೇ ಹೈಂ, ಆಪ್ ನಿಕಾಲ್ ರಹೇ ಹೋ?" ಎಂದ. ಎಲ್ಲರೂ ಗಿಯರ್ ಹಾಕಿಸಲು ಬಂದರೆ ನಾನು ತೆಗೆಸಲು ಹೋಗಿದ್ದೆ, ನಗದೆ ಇನ್ನೇನು! ಬಿಚ್ಚಿಕೊಟ್ಟ. ಹದಿನೆಂಟು ಹಲ್ಲಿನ ಒಂಟಿ ಚಕ್ರ ಕೂರಿಸಿದ. ಚೈನು ತುಂಡರಿಸುವ ಸಾಧನವನ್ನೂ ಎರಡು ದಿನಕ್ಕೆ ಕೊಟ್ಟ.

ಚೈನು ಕತ್ತರಿಸಿದೆ. ಆದರೂ ಜೋತುಬಿತ್ತು! ಹಿಂದಿನ ಗಾಲಿಯನ್ನು ಸ್ವಲ್ಪ ಹಿಂದಕ್ಕೆಳೆದು ಬಿಗಿ ಮಾಡೋಣವೆಂದರೆ ಈ ಗಿಯರ್ ಸೈಕಲ್‌ಗಳಲ್ಲಿ ಅದಕ್ಕೆ ಜಾಗವೇ ಇಲ್ಲ ಮಾರಾಯ. ಗಾಲಿ ಇದ್ದಲ್ಲೇ ಇರಬೇಕು. ಚೈನು ಬಿಗಿ ಹಿಡಿಯುವ ಹೊಸ ಸಾಮಾನಿಗೆ ಏಳುನೂರು ಎಂದ ಚಾಚಾ. ಐನೂರರಲ್ಲಿ ಉಳಿದದ್ದು ತೊಂಬತ್ತು. ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಐದನೇ ದಿನ, ಬಿಚ್ಚಿ ಎಸೆದಿದ್ದ, ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಹಿಂದಿನ ಗಿಯರಿನ ಕೈಯನ್ನೇ ಎತ್ತಿ ತಂದು, ವಯರಿಲ್ಲದೆ, ಸ್ಕ್ರೂ ತಿರುಗಿಸಿ ಅಲುಗದ ಹಾಗೆ ನಿಲ್ಲಿಸಿ, ಚೈನು ಎತ್ತಿ ಹಿಡಿಯುವ ಕೆಲಸಕ್ಕೆ ಹಚ್ಚಿದೆ. ಪಾತ್ರ ಹೋದ ನಟನನ್ನು ಪರದೆ ಎಳೆಯಲು ಇಟ್ಟುಕೊಂಡ ಹಾಗೆ. ಚೈನು ಬಿಗಿಯಾಯಿತು, ಕಟಕಟ ಹೋಯಿತು. ಕಪ್ಪು ಬಣ್ಣ ಬಳಿದೆ.

ಸುಂದರಿ ಮೇಲಿನಿಂದ ಕೂಗಿದಳು, "ನೆತ್ತಿಗೆ ಹಚ್ಚಿಕೊಂಡದ್ದು ಎಂತ, ಗ್ರೀಸಾ? ಒಳಗೆ ಬರುವ ಮೊದಲು ಕೈ ತೊಳೀರಿ. ಐವತ್ತು ವರ್ಷ ಹೋಟೆಲ್, ನಾಟಕ ಅಂತ ಕಳೆದ್ರಿ, ಇನ್ನು ಗ್ಯಾರೇಜ್ ಒಂದು ಬಾಕಿ ಇತ್ತು!" ಬಯ್ದರೂ ಸಂಜೆ ಪಾರ್ಕಿಂಗ್‌ಗೆ ಇಳಿದು ಬಂದು, ನಾನು ತುಳಿಯುವಾಗ ಸೀರೆ ಎತ್ತಿ ಕಟ್ಟಿಕೊಂಡು ಪಕ್ಕದಲ್ಲಿ ಓಡಿದಳು. ಬಿದ್ದರೆ ಹಿಡಿಯಲಿಕ್ಕಂತೆ. ವಾಚ್‌ಮನ್ ಚಪ್ಪಾಳೆ ತಟ್ಟಿದ.

ಜನವರಿ ಐದು, ಪರೀಕ್ಷೆಯ ದಿನ. ಹಾಲ್‌ನ ರಂಗದ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಒಂದಲ್ಲ ಆರು ಸಲ! ಗಾಲಿ ಅಲುಗಲಿಲ್ಲ, ಚೈನು ಉಸಿರೆತ್ತಲಿಲ್ಲ. ಇಳಿದು, ಚೀಲ ಕೆಳಗಿಟ್ಟು, ಎದೆಯುಬ್ಬಿಸಿ, ಮೊದಲ ಮಾತಿಗೆ ಬಾಯಿ ತೆರೆದೆ. ಕಶ್ಯಪ ಕೈಯೆತ್ತಿದ. "ಬಸ್ ಬಸ್ ಅಣ್ಣ, ಸೈಕಲ್ ಒಳ್ಳೇದಾಗಿದೆ. ಜಯೇಶ್, ಬಾ ಇಲ್ಲಿ, ಕೂತು ನೋಡು."

ಜಯೇಶನನ್ನು ನೀನು ಕಂಡಿಲ್ಲ. ಠಾಣೆಯ ಬ್ಯಾಂಕಿನಲ್ಲಿದ್ದಾನೆ, ಇಪ್ಪತ್ತಾರು ವಯಸ್ಸು, ಕನ್ನಡದ ಮಾತನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಓದುತ್ತಾನೆ. ನನ್ನ ಕೈಯಿಂದಲೇ ಹ್ಯಾಂಡಲ್ ತೆಗೆದುಕೊಂಡ. "ಥ್ಯಾಂಕ್ಯೂ ಅಂಕಲ್, ಏಕ್‌ದಮ್ ಸ್ಮೂತ್! ನಿಮ್ಗೆ ಸೀಟು ಸ್ವಲ್ಪ ಮೇಲೆ ಮಾಡ್ಲಿಕ್ಕೆ ಆಗ್ತದಾ?"

ಮಾಡಿಕೊಟ್ಟೆ, ಸಿದ್ರಾಮ. ನಟ್ಟು ತಿರುಗಿಸುವ ಪಾನಾ ಜೇಬಿನಲ್ಲೇ ಇತ್ತು. ಎಲ್ಲರೆದುರು ಬಗ್ಗಿ ಸೀಟು ಏರಿಸಿಕೊಟ್ಟೆ. ದುರ್ಯೋಧನನಾಗಿ ಇದೇ ರಂಗದ ಮೇಲೆ ತೊಡೆ ತಟ್ಟಿದವನು ನಾನು, ಅಂದು ಪಾನಾ ಜೇಬಿಗೆ ಹಾಕಿಕೊಂಡು ಇಳಿದು ಬಂದೆ.

ನಾಟಕ ಫೆಬ್ರವರಿ ಒಂಬತ್ತಕ್ಕೆ. ಸುಂದರಿ ಹೋಗುವುದು ಬೇಡವೆನ್ನುತ್ತಾಳೆ. ನೀವೆಲ್ಲ ಆರೋಗ್ಯವಾಗಿರಿ. ಮೊಮ್ಮಗಳಿಗೆ ವಿದ್ಯೆ, ದೊಡ್ಡ ದನಿ, ಒಳ್ಳೆಯ ನೆನಪು ಇವು ಮೂರನ್ನೂ ದೇವರು ಕೊಡಲಿ ಎಂದು ಈ ಮುದುಕನ ಆಶೀರ್ವಾದ.

ನಿನ್ನ
ದೇವದಾಸ

ತಾ.ಕ.: ಪಾತ್ರ ಏಕೆ ತಪ್ಪಿತೆಂದು ಮೊನ್ನೆ ಕಶ್ಯಪನ ಮನೆಗೇ ಹೋಗಿ ಕೇಳಿದೆ. ಚಹಾ ತರಿಸಿ, ಕೊನೆಗೆ ಫೋನು ತೆಗೆದು ನೀನು ಕಳಿಸಿದ್ದ ವಾಯ್ಸ್ ಮೆಸೇಜ್ ಕೇಳಿಸಿದ. ನಾನು ಪಾತ್ರ ಕೇಳಿದ ಮಾರನೇ ದಿನದ್ದು. "ಕಶ್ಯಪ, ದೇವೂಗ ಕೊಡಬ್ಯಾಡಪಾ. ಹ್ವಾದ ವರ್ಷ ಎರಡನೇ ಅಂಕ ಪೂರ್ತಿ ನಾನ ಹೇಳೀನಿ, ಅವ ಬರೇ ನನ್ನ ಹಿಂದ ಅಂದಾನ. ಮಾರಿ ಮ್ಯಾಲ ಹೇಳಬ್ಯಾಡ ಮತ್ತ. ನಮ್ಮ ಹುಡುಗೀದು ಸೈಕಲ್ ಕೊಡ್ತೀನಿ, ಅದರ ಗಿಯರ್ ಬಿಚ್ಚಾಕ ಹಚ್ಚು. ಎರಡು ತಿಂಗಳು ಅದರಾಗ ಇರ್ತಾನ."

ಎರಡನೇ ಅಂಕದ ಮಾತು ನಿಜ. ಅದನ್ನು ನನಗೆ ಹೇಳಬಹುದಿತ್ತು. ನಿನ್ನೆ ಸುಂದರಿ ಪುಸ್ತಕ ಹಿಡಿದು ಕೂತಳು, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹನ್ನೆರಡು ನಿಮಿಷದ ಮಾತು ಪೂರ್ತಿ ಹೇಳಿದೆ. ನಾಲ್ಕು ಕಡೆ ನಿಂತೆ. ನಾಲ್ಕೇ. ನಂಬಿಕೆಯಿಲ್ಲದಿದ್ದರೆ ಅವಳಿಗೆ ಫೋನು ಮಾಡಿ ಕೇಳು. ಫೋನು ದೇವೂಗೆ ಕೊಡು ಎಂದು ಮಾತ್ರ ಅನ್ನಬೇಡ.