ಮೂರನೆಯ ಉತ್ತರ

ಗೋಥೆನ್‌ಬರ್ಗ್, ಗುರುವಾರ

ಸಿಕ್ಸ್ಟೆನ್ ಅವರಿಗೆ,

ನಿನ್ನೆ ಕಾಫಿ ವೇಳೆಯಲ್ಲಿ ನೀವು ಎಲ್ಲರೆದುರು ಹೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ನಮ್ಮ ವಿಡಿಯೋ ಗೇಮ್‌ನಲ್ಲಿ ಮೀನುಗಾರರ ಹಳ್ಳಿಯನ್ನು ಸುಡಲು ರಾಜ ಆಜ್ಞಾಪಿಸಿದಾಗ, ಆಟಗಾರನಿಗೆಂದು ನಾನು ಮೂರು ಉತ್ತರ ಬರೆದಿದ್ದೆ: ಈಗಲೇ ಸುಡುತ್ತೇನೆ, ಬೆಳಿಗ್ಗೆ ಸುಡುತ್ತೇನೆ, ಸುಡುವುದಿಲ್ಲ. ಮೂರನೆಯದನ್ನು ಅಳಿಸಲು ಹೇಳಿದಿರಿ. “ಅಲ್ಲಮ್ಮಾ ಟೂವಾ, ಅವನು ಸುಡಲ್ಲ ಅಂತ ಕೂತ್ರೆ ಮುಂದಿನ ಯುದ್ಧ ಯಾರು ಮಾಡ್ತಾರೆ, ನಿಮ್ಮಜ್ಜೀನಾ?” ಎಂದಿರಿ. ಎಲ್ಲರೂ ನಕ್ಕರು.

ಪಾತ್ರವಾಗಿ ಬದುಕುವ ಆಟವೆಂದು ಕರೆದು, ಒಲ್ಲೆ ಎನ್ನಲು ಬಿಡದಿದ್ದರೆ ಆಟಗಾರ ರಾಜನ ಕೈಯ ಪಂಜು ಅಷ್ಟೆ. ನಾನು ಅಳಿಸುವುದಿಲ್ಲ. ಬೇರೆಯವರ ಕೈಯಲ್ಲಿ ಅಳಿಸಿದರೆ ಆಟದಿಂದ ನನ್ನ ಹೆಸರನ್ನೂ ತೆಗೆಯಿರಿ. ಕೆಲಸದಿಂದಲೇ ತೆಗೆಯುವುದಾದರೆ ಬರೆದು ತಿಳಿಸಿ. ಅಲ್ಲಿಯವರೆಗೆ ಎಂದಿನಂತೆ ಬರುತ್ತೇನೆ. ಆಜ್ಞೆ ಮೀರಿದವನಿಗೆ ಆ ಹಳ್ಳಿಯಲ್ಲಿ ಮೊದಲ ಊಟ ಯಾರು ಹಾಕುತ್ತಾರೆಂದು ಇನ್ನೂ ಬರೆಯಬೇಕಿದೆ.

ಟೂವಾ ಎಕ್‌ಮನ್
ಸಂಭಾಷಣೆ ವಿಭಾಗ