ಅಂಗಡಿಯಲ್ಲಿ ಅಕ್ಕನ ಭಜನೆ

ಶಿರಾಲಿ
೧೨-೮-೨೦೦೬

ದಿವ್ಯಕ್ಕನಿಗೆ ನಮಸ್ಕಾರ.

ಅಂಗಡಿಯ ಕಂಪ್ಯೂಟರಿಗೆ ಮ್ಯೂಸಿಕ್ ಸರ್ವರ್ ಎಂಬ, ಹಾಡು ನುಡಿಸುವ ಪ್ರೋಗ್ರಾಮ್ ಹಾಕಿದ್ದೇನೆ. ಕಂಪ್ಯೂಟರ್ ಶುರುವಾದೊಡನೆ ಅದೂ ತಾನಾಗಿ ಶುರುವಾಗುತ್ತದೆ. ಬಿಲ್ಲು ಮಾಡುತ್ತಿದ್ದರೂ ಹಿನ್ನೆಲೆಯಲ್ಲಿ ಹಾಡು ಬರುತ್ತಿರುತ್ತದೆ. ಹಾಡುಗಳ ಫೋಲ್ಡರ್ ಎಲ್ಲಿದೆಯೆಂದು ಅದಕ್ಕೆ ತೋರಿಸಿ, ಸರದಿಯಿಲ್ಲದೆ ನುಡಿಸುವಂತೆ ಸೆಟ್ ಮಾಡಿದೆ.

ನೀನು ಅಪ್ಪನ ಮಾತು ಮೀರಿ ಮದುವೆಯಾದಾಗ ಅವರು ಮೂಲೆಗೆಸೆದ ನಿನ್ನ ಭಜನೆಯ ಕ್ಯಾಸೆಟ್ಟನ್ನೂ ಅದಕ್ಕೆ ಏರಿಸಿದ್ದೆ. ನಿನ್ನೆ ಅದು ಬಂತು. ಅಪ್ಪ ಸಕ್ಕರೆ ತೂಗುವುದನ್ನು ನಿಲ್ಲಿಸಿ ಕೇಳಿದರು. ಮುಗಿದ ಮೇಲೆ, "ಅದು ಮತ್ತೆ ಯಾವಾಗ ಬತ್ತದೆ, ದೇವು?" ಎಂದರು.

"ಹೇಳೂಕಾಗೂದಿಲ್ಲ ಅಪ್ಪ, ಯಾವಾಗ ಬೇಕಾದ್ರೂ ಬರೂದು" ಎಂದೆ.

ಮಧ್ಯಾಹ್ನ ಊಟಕ್ಕೆ ಅಪ್ಪ ಮನೆಗೆ ಬರಲಿಲ್ಲ. ಅಂಗಡಿಯಲ್ಲೇ ಕೂತಿದ್ದರು.

ಕುಮಟಾದಿಂದ ಯಾರಾದರೂ ಬರುವವರಿದ್ದರೆ ಇನ್ನೊಂದು ಕ್ಯಾಸೆಟ್ ಹಾಡಿ ಕಳಿಸು. ನೀನೇ ತಂದರೂ ಆತು.

ನಿನ್ನ ತಮ್ಮ,
ದೇವರಾಜ