ಜಯಕ್ಕನ ಪ್ಯಾಚುಗಳಿಗೆ ಕೊನೆಯ ಪೀಠಿಕೆ

ಜಯಕ್ಕ,

ನಿಮ್ಮಮ್ಮನ ಫೋನು ಮೊದಲ ಸಲ ಪೇಪರ್ ಓದಿದ ದಿನ ನೆನಪಿದೆಯಾ? ಸಕ್ಕರೆ ಕಾಯಿಲೆಗೆ ಅವರ ಎರಡೂ ಕಣ್ಣು ಹೋದಮೇಲೆ, ಬರೆದದ್ದನ್ನು ಗಟ್ಟಿಯಾಗಿ ಓದುವ ತಂತ್ರಾಂಶವೊಂದನ್ನು ನೀನು ಹಾಕಿಕೊಟ್ಟಿದ್ದೆ. ಕೈಲಾಂಚದ ನಿಮ್ಮ ಮನೆಯ ಪಡಸಾಲೆಯಲ್ಲಿ ಮೂವರೂ ಕೂತು ಕೇಳಿದೆವು. ರಾಮನಗರ ಅನ್ನುವುದನ್ನು ಅದು ‘ರಾಮ್‌ನಗರ್’ ಎಂದು ಓದಿತು. “ಇದ್ಯಾವನವ್ವಾ ಇವ್ನು? ಹಿಂದಿಯೋನು ಕನ್ನಡ ಓದ್ದಂಗೈತಲ್ಲ!” ಎಂದು ಅಮ್ಮ ನಕ್ಕರು. ನೀನು ನಗಲಿಲ್ಲ. “ಒಸಿ ದಿನ ತಡ್ಕೊ ಅವ್ವ, ಸರಿ ಮಾಡ್ಬುಡ್ತೀನಿ” ಎಂದೆ.

ಮರುದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನೀನು ನನ್ನ ಮೇಜಿನ ಮುಂದೆ ಬಂದು ನಿಂತೆ. ನೀನು ಕಂಪ್ಯೂಟರ್ ಮೇಡಂ, ನಾನು ಇಂಗ್ಲಿಷ್ ಮೇಡಂ. ಈ ಕೆಲಸಕ್ಕೂ ನನಗೂ ಏನು ಸಂಬಂಧ ಅಂದುಕೊಂಡೆ. ಆ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಬಹುದು, ತಿದ್ದುಪಡಿಗಳನ್ನು ಪ್ಯಾಚ್ ಎಂಬ ಸಣ್ಣ ಸಣ್ಣ ತುಂಡು ಮಾಡಿ, ಸರಣಿಯಾಗಿ ಜೋಡಿಸಿ, ತಂತ್ರಾಂಶ ನೋಡಿಕೊಳ್ಳುವವರಿಗೆ ಮೇಲ್ ಮಾಡಬೇಕು ಎಂದು ನೀನು ಹೇಳಿದೆ. ಎಲ್ಲಕ್ಕಿಂತ ಮುಂದೆ ಒಂದು ಕವರ್ ಲೆಟರ್ ಇರಬೇಕಂತೆ. ಇದೇಕೆ ಬೇಕು, ಯಾವ ತುಂಡು ಏನು ಮಾಡುತ್ತದೆ, ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ. ನೀನು ಅದಕ್ಕೆ ಪೀಠಿಕೆ ಅಂತ ಹೆಸರಿಟ್ಟೆ. “ಕೋಡು ನಾ ಬರಿತೀನಿ, ಪೀಠ್ಕೆ ನೀ ಬರಿ ಕಣಮ್ಮಿ. ನನ್ ಇಂಗ್ಲಿಷ್ ಓದಿದ್ರೆ ಅವ್ರು ಓಡೋಯ್ತಾರೆ.”

ನಿನ್ನ ಲ್ಯಾಪ್‌ಟಾಪ್ ಕೆಟ್ಟು, ನಾನು ಕಷ್ಟಪಟ್ಟು ಬರೆದಿದ್ದ ಮೊದಲ ಪೀಠಿಕೆ ಅಳಿಸಿಹೋದಾಗ ನನಗಿಂತ ನೀನೇ ಹೆಚ್ಚು ಸಿಟ್ಟಾಗಿದ್ದೆ. ಕೋಡಿನ ಇತಿಹಾಸವೆಲ್ಲ ಗಿಟ್ ಎಂಬ ದಾಖಲೆಯಲ್ಲಿತ್ತು, ಇನ್ನೊಂದು ಕಡೆ ಪ್ರತಿಯೂ ಇತ್ತು. ಪೀಠಿಕೆ ಮಾತ್ರ ಎಲ್ಲೋ ಒಂದು ಫೈಲಿನಲ್ಲಿ ಅನಾಥವಾಗಿ ಬಿದ್ದಿತ್ತು. ಕೊನೆಗೆ ನೀನೇ ದಾರಿ ಕಂಡುಕೊಂಡೆ. ಗಿಟ್‌ನಲ್ಲಿ ಕೋಡಿನ ಒಂದು ಸಾಲೂ ಇಲ್ಲದ ಖಾಲಿ ಕಮಿಟ್ ಎಂಬ ನಮೂದು ಮಾಡಿ, ಅದರ ವಿವರಣೆಯ ಜಾಗದಲ್ಲಿ ಪೀಠಿಕೆ ಕೂರಿಸಿದೆ. “ಇನ್ಮ್ಯಾಕೆ ಪ್ಯಾಚು ಎಲ್ಲಿಗೋದ್ರೂ ಇದೂ ಜೊತೇಲೇ ಓಯ್ತದೆ” ಎಂದು ಅದೆಷ್ಟು ಹಿಗ್ಗಿದೆ! ಎರಡನೇ ಸಲ ಕಳಿಸಿದಾಗ, ಕನ್ನಡ ಬಾರದ ಆ ನೋಡಿಕೊಳ್ಳುವವನು ಪೀಠಿಕೆ ಓದಿ ವಿಷಯ ಅರ್ಥವಾಯಿತು ಎಂದ. ಇನ್ನೊಂದೇ ಸುತ್ತು, ಸೇರಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆವು.

ಅಷ್ಟರಲ್ಲಿ ನಿನಗೆ ಕಾಯಿಲೆ ಬಂತು. ಬೆಂಗಳೂರಿನ ಆಸ್ಪತ್ರೆಯ ಆ ಮಧ್ಯಾಹ್ನ… ಕ್ಯಾನ್ಸರ್ ಲಿವರ್‌ಗೆ ಹರಡಿದೆ ಎಂದು ಡಾಕ್ಟರು ನಿನಗೇ ನೇರವಾಗಿ ಹೇಳಿದ್ದರು. ನೀನು ನನಗೆ ಫೋನ್ ಮಾಡಿ, ಲ್ಯಾಪ್‌ಟಾಪ್ ತಗೊಂಡು ಬಾ ಎಂದೆ. ಚನ್ನಪಟ್ಟಣದಲ್ಲಿ ಸಿಕ್ಕಿದ ಬಸ್ಸು ಹತ್ತಿ ಬಂದೆ. ಮೂರನೇ ಸುತ್ತಿನ ಪೀಠಿಕೆ ನೀನು ಹೇಳುತ್ತ ಹೋದೆ, ನಾನು ಮಂಚದ ಅಂಚಿನಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸುತ್ತ ಹೋದೆ. ನಾಲ್ಕು ಪ್ಯಾಚ್ ಮುಗಿಯಿತು. “ಐದನೇದು ಒಸಿ ತೊಡಕೈತೆ. ನಾಳೆ ಹೇಳ್ತೀನಿ. ಸುಸ್ತು ಕಣಮ್ಮಿ.” ಆಗಲಿ ಬಿಡಕ್ಕ, ಅವಸರವೇನು ಎಂದೆ. ಮರುದಿನ ನಾನು ಬರುವಷ್ಟರಲ್ಲಿ ನಿನಗೆ ಮಾತು ನಿಂತಿತ್ತು.

ತಿಥಿ ಮುಗಿದ ಮೇಲೆ ಸರಣಿಯನ್ನು ನಾನೇ ಕಳಿಸಿದೆ. ನೀನು ಕಲಿಸಿಕೊಟ್ಟಿದ್ದ ಹಾಗೇ ಖಾಲಿ ಕಮಿಟ್ ತೆರೆದು ಪೀಠಿಕೆ ಮುಗಿಸಲು ಕೂತೆ. ಇದನ್ನು ಬರೆದವಳು ತೀರಿಕೊಂಡಳು ಎನ್ನುವುದನ್ನು ಎಲ್ಲಿ ಬರೆಯುತ್ತಾರೆ ಜಯಕ್ಕ? ‘ಹೋದ ಸಲಕ್ಕಿಂತ ಆದ ಬದಲಾವಣೆಗಳು’ ಅನ್ನುವುದರ ಕೆಳಗಾ? ಅಲ್ಲೇ ಬರೆದೆ. ಬೇರೆ ಜಾಗ ಇರಲಿಲ್ಲ.

ತಂತ್ರಾಂಶ ನೋಡಿಕೊಳ್ಳುವವನ ಉತ್ತರ ಬಂದಾಗ ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಮೊದಲ ಸಾಲಿನಲ್ಲಿ ಸಂತಾಪ. ಎರಡನೇ ಸಾಲಿನಲ್ಲಿ ಪ್ರಶ್ನೆ. ಐದನೇ ಪ್ಯಾಚಿನ ಈ ನಿಯಮ ಯಾಕೆ ಬೇಕು, ಅದನ್ನು ತೆಗೆದರೆ ಏನು ತಪ್ಪಾಗುತ್ತದೆ? ಒಳ್ಳೆಯ ಮನುಷ್ಯ, ಕೇಳಬೇಕಾದದ್ದನ್ನೇ ಕೇಳಿದ್ದ. ನಿನ್ನ ವಿಭಾಗದವರನ್ನೆಲ್ಲ ಕೇಳಿದೆ. ಓದಿ ನೋಡಿ, “ಮೇಡಂ ಮನಸ್ಸಲ್ಲಿ ಏನಿತ್ತೋ” ಎಂದು ಲ್ಯಾಪ್‌ಟಾಪ್ ವಾಪಸ್ ಕೊಟ್ಟರು. ನಾನೇ ಕೋಡು ಓದಲು ಕೂತೆ. ನಿನ್ನ ಅಕ್ಷರದ ಮುಂದೆ ನಾನು ಕುರುಡಿ. ಅಷ್ಟರಲ್ಲಿ ಬೇರೆ ಯಾರೋ ಎರಡೇ ಸಾಲಿನ ತಿದ್ದುಪಡಿ ಕಳಿಸಿದರು. ಕನ್ನಡದಲ್ಲಿ ಪದದ ನಡುವಿನ, ಕೊನೆಯ ‘ಅ’ ನುಂಗಬೇಡ ಅಂತ, ಅಷ್ಟೇ. ನಿನ್ನದರಷ್ಟು ಸಮಗ್ರವಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಕೊಡಲು ಅವರು ಬದುಕಿದ್ದರು. ಅದು ಸೇರಿತು. ಅದರ ಮೇಲೆ ನಿನ್ನ ಸರಣಿ ಕೂರುವುದಿಲ್ಲವಂತೆ, ಹೊಸದಾಗಿ ಬರೆದು ಕಳಿಸುತ್ತೀರಾ ಎಂದು ಆ ನೋಡಿಕೊಳ್ಳುವವನು ಕೇಳಿದ. ‘ಉತ್ತರಿಸುವವರು ಯಾರೂ ಇಲ್ಲ, ದಯವಿಟ್ಟು ಈ ಸರಣಿಯನ್ನು ಕೈಬಿಡಿ’ ಎಂದು ಬರೆದೆ. ನಾನು ನಿನಗಾಗಿ ಬರೆದ ಕೊನೆಯ ಇಂಗ್ಲಿಷ್ ಅದು.

ಕೆಲವು ತಿಂಗಳಾದ ಮೇಲೆ ಅಮ್ಮನ ಫೋನ್ ಬಂತು. ತಂತ್ರಾಂಶ ತಾನಾಗಿಯೇ ಅಪ್‌ಡೇಟ್ ಆಗಿತ್ತು. “ರಾಮನಗರ ಅಂತ ನೆಟ್ಗೆ ಓದ್ತೈತೆ ಕಣವ್ವ! ನನ್ ಮಗ್ಳು ಮಾಡ್ಬುಟ್ಲು!” ಅವರ ದನಿಯಲ್ಲಿ ಅಷ್ಟು ಗೆಲುವನ್ನು ನಿನ್ನ ನಂತರ ನಾನು ಕೇಳಿರಲಿಲ್ಲ. ಹೂಂ ಅನ್ನಬಹುದಿತ್ತು. ಆದರೆ ನಿನ್ನ ಹೆಸರಿನಲ್ಲಿ ಸುಳ್ಳು…

“ಅದು ಜಯಕ್ಕಂದಲ್ಲಮ್ಮ. ಬೇರೆ ಯಾರೋ ಮಾಡಿದ್ದು. ಜಯಕ್ಕಂದು ಸೇರಲಿಲ್ಲ.”

ಅಮ್ಮ, “ಅವ್ರ ಮನೇಲೂ ಕಣ್ ಕಾಣ್ದೋರು ಯಾರಾದ್ರೂ ಅವ್ರೇನೋ ಪಾಪ” ಎಂದು ಫೋನ್ ಇಟ್ಟರು.

ಹೋದ ಭಾನುವಾರ ಕೈಲಾಂಚಕ್ಕೆ ಹೋಗಿದ್ದೆ. ಫೋನು ಆಫ್ ಆಗಿ ಅಡುಗೆಮನೆಯ ಗೂಡಿನಲ್ಲಿತ್ತು. ಪೇಪರ್ ಕೇಳುವುದಿಲ್ಲವಾ ಎಂದೆ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಬೆರಳು ನಿಲ್ಲಿಸದೆ ಹೇಳಿದರು:

“ತಪ್ಪಾಗಿ ಓದ್ತಿದ್ದಾಗ, ಇದ್ನ ಅವ್ಳಿಗೆ ಯೋಳ್ಬೇಕು, ಇದ್ನ ಯೋಳ್ಬೇಕು ಅಂತ ಕೇಳ್ತಿದ್ದೆ. ಈಗ ಸರ್ಯಾಗೇ ಓದ್ತೈತಲ್ಲವ್ವ. ಇನ್ನೇನ್ ಕೇಳನ?”

ನಾನು ಪಕ್ಕದಲ್ಲಿ ಕೂತು ಅವರ ಜೊತೆ ಅವರೆಕಾಯಿ ಬಿಡಿಸಿದೆ. ಅಷ್ಟೇ ನನ್ನಿಂದ ಆದದ್ದು, ಜಯಕ್ಕ.

ನಿನ್ನ
ಸುಮಾ